ಪರದೇಶಿಗಳು ಕಂಡ ನಮ್ಮ ಹಳ್ಳಿಗಳು



ನಮ್ಮ ಉತ್ತರ ಕರ್ನಾಟಕದ ಮಾತಿನಲ್ಲಿ ‘ಪರದೇಶಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಬೇರೆ ದೇಶದಿಂದ ಬಂದವನು ಎಂಬುದು ಒಂದು. ಹಿಂದುಮುಂದು ಯಾರೂ ಇಲ್ಲದವನು, ಕೇಳುವವರಿಲ್ಲದವನು ಎಂಬುದು ಮತ್ತೊಂದು. ತಂದೆತಾಯಿ ಇಲ್ಲದ ಮಗುವನ್ನು ಕಂಡು ನಮ್ಮ ಅಜ್ಜಿಯಂದಿರು ‘ಪಾಪ, ಪರದೇಶಿ ಕೂಸು’ ಎಂದು ಮರುಗುತ್ತಿದ್ದುದು ನಿಮಗೆ ನೆನಪಿರಬಹುದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಹಳ್ಳಿಗಳಿಗೆ ಬಂದುಹೋದ ಹೊರನಾಡಿನವರಲ್ಲಿ ಈ ಎರಡೂ ಬಗೆಯವರಿದ್ದರು. ಅಧಿಕಾರದ ಕುದುರೆಯೇರಿ ಬಂದವರಿದ್ದರು. ಭಾಷೆ ತಿಳಿಯದೆ, ಹವೆ ಒಗ್ಗದೆ, ಎಳೆಯ ಮಕ್ಕಳನ್ನು ಇದೇ ಮಣ್ಣಿಗೆ ಒಪ್ಪಿಸಿದವರೂ ಇದ್ದರು.

ಇವರ ಮಾತನ್ನು ಇಂದು ಏಕೆ ಎತ್ತುತ್ತಿದ್ದೇನೆಂದರೆ, ಅವರು ಬರೆದರು, ನಮ್ಮವರು ಬರೆಯಲಿಲ್ಲ. ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತಿದ ರೈತ, ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರ, ಮಲಪ್ರಭೆಯಿಂದ ಕೊಡ ಹೊತ್ತು ತಂದ ಹೆಣ್ಣುಮಗಳು ತಮ್ಮ ದಿನಚರಿಯನ್ನು ಕಾಗದದ ಮೇಲೆ ಇಡಲಿಲ್ಲ. ಆದುದರಿಂದ ನಮ್ಮ ಮುತ್ತಜ್ಜ ಮುತ್ತಜ್ಜಿಯರ ಬದುಕನ್ನು ಕಾಣಬೇಕೆಂದರೆ ಅನೇಕ ವೇಳೆ ಪರದೇಶಿಯ ಕಣ್ಣನ್ನೇ ಸಾಲ ಕೇಳಬೇಕಾಗುತ್ತದೆ. ಆ ಕಣ್ಣನ್ನು ಎಷ್ಟರಮಟ್ಟಿಗೆ ನಂಬಬಹುದು?

ಎಲ್ಲರಿಗಿಂತ ಮೊದಲು ನೆನಪಾಗುವವನು ಚೀನದ ಬೌದ್ಧ ಯಾತ್ರಿಕ ಹ್ಯುಯೆನ್ ತ್ಸಾಂಗ್. ಬಾದಾಮಿಯ ಚಾಲುಕ್ಯ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಆತ ಬಂದದ್ದು ಸುಮಾರು 641ರಲ್ಲಿ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ತನ್ನ ಶಾಸನವನ್ನು ಕೆತ್ತಿಸಿ ಆಗ ಇನ್ನೂ ಏಳೆಂಟು ವರ್ಷಗಳೂ ಆಗಿರಲಿಲ್ಲ. ರವಿಕೀರ್ತಿ ಅರಸನ ಗೆಲುವುಗಳನ್ನು ಹಾಡಿದ. ಯಾತ್ರಿಕನು ಪ್ರಜೆಗಳ ಸ್ವಭಾವವನ್ನೂ ನೋಡಿದ. ಈ ನಾಡಿನ ನೆಲ ಫಲವತ್ತಾದುದು, ಜನ ಎತ್ತರದ ಆಳು, ನಡೆನುಡಿ ಸರಳ, ಆದರೆ ಅಭಿಮಾನ ಬಹಳ ಎಂದು ಆತ ಬರೆದ. ಉಪಕಾರ ಮಾಡಿದವರನ್ನು ಇವರು ಮರೆಯುವುದಿಲ್ಲ, ಅಪಕಾರ ಮಾಡಿದವರನ್ನೂ ಬಿಡುವುದಿಲ್ಲ. ಸೇಡು ತೀರಿಸಿಕೊಳ್ಳುವ ಮೊದಲು ಎದುರಾಳಿಗೆ ಮುನ್ಸೂಚನೆ ಕೊಡುತ್ತಾರೆ. ಕಷ್ಟದಲ್ಲಿದ್ದವನು ಕೈಚಾಚಿದರೆ ತಮ್ಮನ್ನೇ ಮರೆತು ನೆರವಾಗುತ್ತಾರೆ ಎಂದ. ಸೋತು ಬಂದ ಸೇನಾಪತಿಗೆ ಹೆಣ್ಣಿನ ಉಡುಗೆ ಕೊಟ್ಟು ನಾಚಿಸುವ ಪದ್ಧತಿಯನ್ನೂ ದಾಖಲಿಸಿದ. ಪುಲಿಕೇಶಿಯ ರಾಜ್ಯ ನರ್ಮದೆಯವರೆಗೆ ಹಬ್ಬಿತ್ತು. ಆತ ಕಂಡದ್ದು ಅದರ ಯಾವ ಮೂಲೆಯನ್ನು ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೂ ಹುನಗುಂದದ ಸಂತೆಯಲ್ಲಿ ಒಂದು ಗಂಟೆ ನಿಂತವರು ಆ ವರ್ಣನೆ ನಮ್ಮದಲ್ಲ ಎಂದು ಸುಲಭವಾಗಿ ಹೇಳಲಾರರು!

ಅಲ್ಲಿಂದ ಸಾವಿರದ ಇನ್ನೂರು ವರ್ಷಗಳಷ್ಟು ಮುಂದೆ ಬರೋಣ. 1818ರ ಫೆಬ್ರುವರಿಯಲ್ಲಿ ಥಾಮಸ್ ಮನ್ರೋ ಪೇಶ್ವೆಯರ ಕೈಯಿಂದ ಬಾದಾಮಿಯ ಕೋಟೆಯನ್ನು ಗೆದ್ದು, ಕೆಲವೇ ದಿನಗಳಲ್ಲಿ ಬಾಗಲಕೋಟೆಯನ್ನೂ ವಶಪಡಿಸಿಕೊಂಡ. ಈತ ಬರಿಯ ದಂಡನಾಯಕನಲ್ಲ. ಬಳ್ಳಾರಿ ಮೊದಲಾದ ಸೀಮೆಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ಡೇರೆ ಹೊತ್ತು ತಿರುಗಿ ರೈತರೊಡನೆ ಮಾತನಾಡಿದವನು. 1813ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ಹೇಳುವಾಗ ಭಾರತೀಯರ ಬೇಸಾಯ, ಕೈಕಸಬು, ಊರಶಾಲೆ, ಅತಿಥಿಸತ್ಕಾರಗಳನ್ನು ಎತ್ತಿ ಹೇಳಿ, ನಾಗರಿಕತೆಯು ಎರಡು ದೇಶಗಳ ನಡುವಿನ ವ್ಯಾಪಾರದ ಸರಕಾದರೆ ಲಾಭ ಇಂಗ್ಲೆಂಡಿಗೇ ಎಂಬ ಅರ್ಥದ ಮಾತನಾಡಿದ್ದ. ಅಂಥ ತಿಳಿವಳಿಕೆಯುಳ್ಳವನೂ ಇಲ್ಲಿಗೆ ಫಿರಂಗಿಯೊಡನೆಯೇ ಬಂದ ಎಂಬುದನ್ನು ನಾವು ಮರೆಯಬಾರದು.

ಹೊಸ ಯಜಮಾನರಿಗೆ ಮೊದಲು ಬೇಕಾದದ್ದು ಲೆಕ್ಕ. ಥಾಮಸ್ ಮಾರ್ಷಲ್ ಎಂಬವನು ಬೆಳಗಾವಿ, ಖಾನಾಪುರ ಮೊದಲಾದ ಪರಗಣೆಗಳ ಜೊತೆಗೆ ಬಾಗಲಕೋಟೆ, ಬಾದಾಮಿ ಮತ್ತು ಹುನಗುಂದ ಪರಗಣೆಗಳ ಅಂಕಿಅಂಶದ ವರದಿಗಳನ್ನು ಸಿದ್ಧಪಡಿಸಿದ. 1822ರಲ್ಲಿ ಅವು ಮುಂಬಯಿಯಲ್ಲಿ ಅಚ್ಚಾದವು. ಇದು ಎಣಿಸುವ ಕಣ್ಣು. ಎಣಿಕೆಯನ್ನು ನಾವು ತುಚ್ಛವಾಗಿ ಕಾಣಬೇಕಾಗಿಲ್ಲ. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಇಂದು ಆಲಮಟ್ಟಿ ಜಲಾಶಯದ ಹಿನ್ನೀರಿನ ಪಾಲಾಗಿವೆ. ಜನ ನವನಗರಕ್ಕೆ ಹೋಗಿ ನೆಲೆಸಿದ್ದಾರೆ. ಮುಳುಗಿದ ಊರಿಗೆ ಹಳೆಯ ದಫ್ತರವೇ ಆಸ್ತಿ. ಆದರೆ ಎಣಿಸುವ ಕಣ್ಣಿಗೆ ಹೊರಗೋಡೆ ಕಾಣುವಷ್ಟು ಒಳಮನೆ ಕಾಣುವುದಿಲ್ಲ. ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳನ್ನೇ ನೋಡಿರಿ: ಬೀದಿಯಿಂದ ಕಂಡರೆ ಕಿಟಕಿಯಿಲ್ಲದ ಮಣ್ಣಿನ ಗೋಡೆ, ಕತ್ತಲೆಯ ಗೂಡು. ಒಳಗೆ ಹೋಗಿ ಅಡುಗೆಮನೆಯಲ್ಲಿ ಕುಳಿತವನಿಗೆ ಮಾತ್ರ ಮೇಲ್ಮುದ್ದೆಯ ಬೆಳಕಿಂಡಿಯಿಂದ ಇಳಿದ ಬಿಸಿಲ ಕೋಲು ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆ ಬಿದ್ದಿರುವುದು ಕಾಣುತ್ತದೆ. ಬೇಸಿಗೆಯ ಉರಿಯಲ್ಲಿಯೂ ಆ ಮನೆ ತಂಪಾಗಿರುವುದು ತಿಳಿಯುತ್ತದೆ.

ಒಳಗೆ ಬಂದು ಕುಳಿತವರು ಇದ್ದರೇ? ಇದ್ದರು. ಇಲ್ಲಿ ನಾವು ನಮ್ಮ ಸಭೆಗಳ ಚರಿತ್ರೆಗೆ ಹತ್ತಿರವಾಗುತ್ತೇವೆ.

ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಗದಗದ ಪಕ್ಕದ ಬೆಟಗೇರಿಗೆ 1841ರಲ್ಲಿ ಬಂದರು. ಬಾದಾಮಿಗೆ ಸಮೀಪದ ಗುಳೇದಗುಡ್ಡದಲ್ಲಿ ಅವರ ಠಾಣೆ ಆರಂಭವಾದದ್ದು 1851ರಲ್ಲಿ. ಹೆಚ್ಚಿನವರು ವುರ್ಟೆಂಬರ್ಗ್ ಮತ್ತು ಸ್ವಿಟ್ಜರ್ಲೆಂಡಿನ ರೈತರ, ಕುಶಲಕರ್ಮಿಗಳ ಮಕ್ಕಳು. ಸಾಹೇಬರ ಸಾಲಿನಲ್ಲಿ ಸೇರಿಸಿದರೂ ಅವರು ಆಳುವ ಕುಲದವರಲ್ಲ. ಮಗ್ಗದ ಊರಾದ ಗುಳೇದಗುಡ್ಡದಲ್ಲಿ, ಖಣ ನೇಯುವವರ ಓಣಿಗಳಲ್ಲಿ, ಲಾಳಿಯ ಸದ್ದಿನ ನಡುವೆ ಕನ್ನಡ ಕಲಿತರು, ಹಳ್ಳಿಹಳ್ಳಿ ತಿರುಗಿದರು, ಜಾತ್ರೆಗಳಲ್ಲಿ ನಿಂತು ಮಾತನಾಡಿದರು.

ಅವರ ವರದಿಗಳನ್ನು ಓದುವಾಗ ನಮ್ಮಂಥವರ ಮನಸ್ಸು ಇಬ್ಭಾಗವಾಗುತ್ತದೆ. ಒಂದೆಡೆ ಕೃತಜ್ಞತೆ, ಇನ್ನೊಂದೆಡೆ ಹೇಳಲಾಗದ ಸಂಕಟ. ಏಕೆಂದರೆ ಅಲ್ಲಿ ಪುಟಪುಟಕ್ಕೂ ‘ಕತ್ತಲೆ’ ಎಂಬ ಮಾತು ಬರುತ್ತದೆ. ಯಾರ ಕತ್ತಲೆ? ನಮ್ಮ ಹಿರಿಯರದ್ದೇ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ವರದಿಗಳು ಬರೆಯಲ್ಪಟ್ಟದ್ದು ನಮಗಾಗಿ ಅಲ್ಲ, ಯೂರೋಪಿನಲ್ಲಿದ್ದ ದಾನಿಗಳಿಗಾಗಿ. 1855ರಲ್ಲಿ ಬಾಸೆಲ್ ಮಿಷನ್ ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಸಣ್ಣ ನಾಣ್ಯದ ಕಾಣಿಕೆಯ ಪದ್ಧತಿಯನ್ನು ಆರಂಭಿಸಿತು. ಬಡ ಹೆಂಗಸರು, ಕೆಲಸದಾಳುಗಳು ತಮ್ಮ ಗಳಿಕೆಯಿಂದ ಉಳಿಸಿ ಕೊಟ್ಟ ಕಾಸು ಅದು; ಅದರ ಪಾವಿತ್ರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಣಿಕೆ ಕೊಡುವವರ ಹೃದಯ ಕರಗಬೇಕಾದರೆ ಚಿತ್ರ ಕಪ್ಪಾಗಿರಬೇಕಲ್ಲವೇ? ಗುಳೇದಗುಡ್ಡದ ನೇಕಾರನು ತನ್ನ ಮಗಳ ಮದುವೆಯಲ್ಲಿ ನಕ್ಕದ್ದು, ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದದ್ದು ಅಂಥ ಚಿತ್ರದಲ್ಲಿ ಬೆಳಕಾಗಿ ಕಾಣಿಸಿಕೊಳ್ಳುವುದು ಕಷ್ಟವಾಗಿತ್ತು. ಮೋಶೆ ಕಳುಹಿಸಿದ ಹನ್ನೆರಡು ಗೂಢಚಾರರು ಕಂಡದ್ದು ಒಂದೇ ಕಾನಾನ್ ದೇಶವನ್ನು. ತಂದ ವರದಿ ಮಾತ್ರ ಎರಡು ಬಗೆಯದಾಗಿತ್ತು ಎಂಬುದನ್ನು ನೀವು ಅರಣ್ಯಕಾಂಡದಲ್ಲಿ ಓದಿದ್ದೀರಿ.

ಇದೇ ಮಿಷನರಿಗಳ ಕಾಲದ ಇನ್ನೊಂದು ಘಟನೆ ನನಗೆ ಬಹಳ ಪ್ರಿಯವಾದುದು. ಈ ಸೀಮೆಯಲ್ಲಿ ‘ಕಾಲಜ್ಞಾನ’ ಎಂಬ ಭವಿಷ್ಯವಾಣಿಯ ವಚನಗಳನ್ನು ಓದುವ ಪರಂಪರೆಯಿತ್ತು. ಕೊಡೇಕಲ್ ಬಸವಣ್ಣನ ಹೆಸರಿನೊಂದಿಗೆ ಅದು ಹೆಣೆದುಕೊಂಡಿದೆ. ಬಾಸೆಲ್ಲಿನವರು ಬಂದ ಹೊಸದರಲ್ಲಿ ಆ ಪಂಥದ ಕೆಲವರು ಅವರನ್ನು ಹುಡುಕಿಕೊಂಡು ಬಂದು, ತಮ್ಮ ಗ್ರಂಥಗಳು ಹೇಳಿದ ಗುರುಗಳು ಇವರೇ ಇರಬಹುದೆಂದು ಮಾತುಕತೆ ನಡೆಸಿದರು. ಹರ್ಮನ್ ಮೋಗ್ಲಿಂಗನು ಆ ಭರವಸೆಯ ಮೇಲೆ 1841ರಲ್ಲಿ ಮಲಸಮುದ್ರದಲ್ಲಿ ಒಂದು ವಸಾಹತನ್ನೇ ಕಟ್ಟಲು ಹೊರಟ; ನಿರೀಕ್ಷಿಸಿದಂತೆ ಜನ ಬರಲಿಲ್ಲ, ಪ್ರಯತ್ನ ಫಲಿಸಲಿಲ್ಲ. ಚರಿತ್ರೆಕಾರರು ಇದನ್ನು ಸೋಲಿನ ಕಥೆಯಾಗಿ ಹೇಳುತ್ತಾರೆ. ನನಗಾದರೋ ಇದರಲ್ಲಿ ಬೇರೊಂದು ಕಾಣುತ್ತದೆ. ಪರದೇಶಿಯು ಹಳ್ಳಿಯನ್ನು ಓದುತ್ತಿದ್ದಾಗ ಹಳ್ಳಿಯೂ ಸುಮ್ಮನಿರಲಿಲ್ಲ. ತನ್ನ ಗ್ರಂಥವನ್ನು ಬಿಚ್ಚಿ ಪರದೇಶಿಯನ್ನು ಓದುತ್ತಿತ್ತು! ‘ಇವನು ಯಾರು, ಎಲ್ಲಿಂದ ಬಂದ, ನಮ್ಮ ಲೆಕ್ಕದಲ್ಲಿ ಇವನಿಗೆ ಯಾವ ಸ್ಥಾನ’ ಎಂದು ತೂಗಿ ನೋಡುತ್ತಿತ್ತು.

ಮಿಷನರಿಗಳು ಒಳಗೆ ಬಂದು ಕುಳಿತದ್ದರ ನಿಜವಾದ ಫಲ ವರದಿಗಳಲ್ಲಿಲ್ಲ, ಭಾಷೆಯಲ್ಲಿದೆ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಿತು. ಅದರಲ್ಲಿ ಹಳಗನ್ನಡದ ಕವಿಗಳಷ್ಟೇ ಗೌರವದಿಂದ ಒಕ್ಕಲಿಗರ ಗಾದೆಗಳಿಗೂ ಕೈಕಸಬಿನ ಪದಗಳಿಗೂ ಸ್ಥಾನ ದೊರೆಯಿತು. ‘ಕತ್ತಲೆ’ ಎಂದು ಬರೆದ ಪೀಳಿಗೆಯೇ ಆ ‘ಕತ್ತಲೆ’ಯಲ್ಲಿದ್ದವರ ನಾಲಿಗೆಯ ಮೇಲಿನ ಮಾತನ್ನು ಹೀಗೆ ಕೂಡಿಟ್ಟಿತು.

ಆಮೇಲೆ ಬಂದಿತು ಬರ. 1876ರಲ್ಲಿ ಮಳೆ ಕೈಕೊಟ್ಟಿತು. ಆಗ ನಮ್ಮ ಈ ಊರುಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. 1872ರ ಜನಗಣತಿಯಲ್ಲಿ 8 ಲಕ್ಷಕ್ಕೂ ಮಿಕ್ಕಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಒಮ್ಮೆ ನಿಂತು ಈ ಅಂಕಿಯನ್ನು ಯೋಚಿಸಿರಿ. ಐದು ಜನರಲ್ಲಿ ಒಬ್ಬರು ಇಲ್ಲ. ಕೆಲವರು ಗುಳೆ ಹೋದರು, ಹಲವರು ಸತ್ತರು. ಸರ್ಕಾರದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್ ಬರ ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದ. ಅರ್ಧ ಕಿಲೋಗೂ ಕಡಿಮೆ ಧಾನ್ಯ, ಇಡೀ ದಿನ ಕಲ್ಲು ಒಡೆಯುವವನಿಗೆ! ಅದನ್ನು ಖಂಡಿಸಿದ ಇಂಗ್ಲಿಷರೂ ಇದ್ದರು. ಬರಗಾಲದ ದೊಡ್ಡ ಇತಿಹಾಸವನ್ನು 1878ರಲ್ಲಿ ಪ್ರಕಟಿಸಿದ ವಿಲಿಯಂ ಡಿಗ್ಬಿ ಅವರಲ್ಲೊಬ್ಬ. ಮಿಷನ್ ಮನೆಗಳು ಪರದೇಶಿಗಳಾದ ಮಕ್ಕಳಿಗೆ ಬಾಗಿಲು ತೆರೆದವು. ಇದೇ ಪುಟಗಳನ್ನು ಓದುತ್ತಿರುವ ಕೆಲವು ಕುಟುಂಬಗಳ ವಂಶಾವಳಿ ಆ ಬಾಗಿಲಿನಿಂದಲೇ ಆರಂಭವಾಗುತ್ತಿರಬಹುದು. ಅದಕ್ಕೆ ಹಿಂದಿನ ಹೆಸರುಗಳನ್ನು ಯಾರೂ ಬರೆದುಕೊಳ್ಳಲಿಲ್ಲ. ಮಗುವಿಗೆ ತನ್ನ ಊರು ಯಾವುದೆಂದು ಹೇಳಲೂ ಬರುತ್ತಿದ್ದಿಲ್ಲ. ಬರದ ಪಾಠವೆಂಬಂತೆ ಹಾಕಿದ ಗದಗ-ಹೊಟಗಿ ರೈಲುದಾರಿ ಬಾದಾಮಿ, ಬಾಗಲಕೋಟೆಗಳ ಮೂಲಕ 1884ರಲ್ಲಿ ಓಡಲಾರಂಭಿಸಿತು. ಧಾನ್ಯ ತರಲೆಂದು ಹಾಕಿದ ಆ ಹಳಿಯ ಮೇಲೆ ಮುಂದೆ ಪ್ರವಾಸಿಗರು ಬಂದರು.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವ್ಯಕ್ತಿಗೆ ಬರುತ್ತೇನೆ. ಜಾನ್ ಫೇತ್‌ಫುಲ್ ಫ್ಲೀಟ್ 1867ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಬಂದ ಅಧಿಕಾರಿ. ಶಾಸನಗಳ ಅಧ್ಯಯನ ಮಾಡಿದವರೆಲ್ಲರಿಗೂ ಈತನ ಹೆಸರು ಗೊತ್ತು. ಮೇಗುತಿಯ ರವಿಕೀರ್ತಿಯ ಶಾಸನವನ್ನು ಓದಿ ವಿದ್ವತ್ಪ್ರಪಂಚದ ಮುಂದಿಟ್ಟವರಲ್ಲಿ ಈತ ಪ್ರಮುಖ. 1882ರಲ್ಲಿ ಕನ್ನಡ ನಾಡಿನ ರಾಜವಂಶಗಳ ಇತಿಹಾಸವನ್ನು ಬರೆದ. ಆದರೆ ಕಲ್ಲಿನ ಅಕ್ಷರಗಳನ್ನು ಓದುತ್ತಿದ್ದ ಈ ಸಾಹೇಬನು ಇನ್ನೊಂದು ಕೆಲಸವನ್ನೂ ಮಾಡಿದ. ಹಳ್ಳಿಯ ಜನ ಹಾಡುತ್ತಿದ್ದ ಲಾವಣಿಗಳನ್ನು ಬರೆಸಿಕೊಂಡ. 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ ಎಂಬ ಪತ್ರಿಕೆಯಲ್ಲಿ ಅವುಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ.

ಅವುಗಳಲ್ಲೊಂದು ಹಲಗಲಿಯ ಬೇಡರ ಲಾವಣಿ. ಹಲಗಲಿಯು ಅಂದು ಮುಧೋಳ ಸಂಸ್ಥಾನದ ಹಳ್ಳಿ, ಇಂದು ಬಾಗಲಕೋಟೆ ಜಿಲ್ಲೆಯದು. 1857ರಲ್ಲಿ ಸರ್ಕಾರವು ಜನರ ಕೈಯಲ್ಲಿದ್ದ ಆಯುಧಗಳನ್ನು ಒಪ್ಪಿಸಬೇಕೆಂದು ಕಾಯಿದೆ ಮಾಡಿತು. ಬೇಡರಿಗೆ ಕತ್ತಿ, ಬಂದೂಕು ಎಂದರೆ ಕೇವಲ ಆಯುಧವಲ್ಲ, ಬೇಟೆಯ ಸಾಧನ, ಮನೆತನದ ಮರ್ಯಾದೆ. ಅವರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಹಳ್ಳಿಯನ್ನು ಮುತ್ತಿತು. ಮನೆಗಳಿಗೆ ಬೆಂಕಿ ಬಿದ್ದಿತು, ಅನೇಕರು ಅಲ್ಲಿಯೇ ಮಡಿದರು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲ ಎಂಬ ಹೆಸರುಗಳು ಇಂದಿಗೂ ನಮ್ಮ ಸೀಮೆಯ ಬಾಯಲ್ಲಿವೆ.

ಯಾವ ಸರ್ಕಾರದ ದಂಡು ಹಲಗಲಿಯನ್ನು ಸುಟ್ಟಿತೋ ಅದೇ ಸರ್ಕಾರದ ಅಧಿಕಾರಿ ದಶಕಗಳ ಬಳಿಕ ಆ ಹಳ್ಳಿಯ ಅಳಲನ್ನು ಅಚ್ಚುಮಾಡಿಸಿದ! ಸಂಗೊಳ್ಳಿ ರಾಯಣ್ಣನ ಲಾವಣಿಯೂ ಹೀಗೆಯೇ ಅವನ ಸಂಗ್ರಹದಲ್ಲಿ ಉಳಿಯಿತು. ಆತ ಬಂಡಾಯಗಾರರ ಪಕ್ಷಪಾತಿಯೇನೂ ಆಗಿರಲಿಲ್ಲ. ಆದರೆ ಹಾಡುವವನ ಬಾಯಿಯಿಂದ ಬಂದದ್ದನ್ನು ಹಾಡುವವನ ಕನ್ನಡದಲ್ಲಿಯೇ ಇಟ್ಟ. ಮಾರ್ಷಲ್ ನಮ್ಮನ್ನು ಎಣಿಸಿದ, ಮಿಷನರಿಗಳು ನಮ್ಮನ್ನು ತೂಗಿದರು; ಫ್ಲೀಟನ ಪುಟಗಳಲ್ಲಿ ಹಳ್ಳಿಯವನು ತಾನೇ ಮಾತನಾಡುತ್ತಾನೆ. ನನ್ನ ಅಭಿಪ್ರಾಯವನ್ನು ಕೇಳಿದರೆ, ಹೊರನಾಡಿನವರು ನಮ್ಮ ಹಳ್ಳಿಗಳ ಬಗ್ಗೆ ಬರೆದ ಸಾವಿರ ವರ್ಣನೆಗಳಿಗಿಂತ ಅವರು ಬರೆಸಿಕೊಂಡ ಆ ಕೆಲವೇ ಲಾವಣಿಗಳು ಹೆಚ್ಚು ಬೆಲೆಯುಳ್ಳವು.

ಕಲ್ಲಿನ ಗುಡಿಗಳನ್ನು ನೋಡಲು ಬಂದವರ ಕಥೆ ಇದಕ್ಕೆ ತದ್ವಿರುದ್ಧ. 1850ರ ದಶಕದಲ್ಲಿ ಕರ್ನಲ್ ಬಿಗ್ಸ್ ಐಹೊಳೆ, ಪಟ್ಟದಕಲ್ಲುಗಳ ಛಾಯಾಚಿತ್ರ ತೆಗೆದ. ಅವು 1866ರಲ್ಲಿ ಮೆಡೋಸ್ ಟೇಲರನ ಬರಹದೊಂದಿಗೆ ಗ್ರಂಥವಾಗಿ ಬಂದವು. ಟೇಲರ್ ಕೃಷ್ಣೆಯ ಆಚೆಯ ಸುರಪುರದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದು ಜನರಿಂದ ‘ಮಹಾದೇವ ಬಾಬಾ’ ಎನಿಸಿಕೊಂಡವನು; ಅವನಿಗೆ ಗುಡಿಯೂ ಗೊತ್ತಿತ್ತು, ಗುಡಿಯ ಪಕ್ಕದ ಮನೆಯೂ ಗೊತ್ತಿತ್ತು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಗುಡಿ, ಗುಹೆಗಳ ವರದಿ ಬರೆದ. ಹೆನ್ರಿ ಕಸಿನ್ಸನ ದೊಡ್ಡ ಗ್ರಂಥ 1926ರಲ್ಲಿ ಬಂದಿತು. ಇವರ ಉಪಕಾರ ದೊಡ್ಡದು. ಆದರೆ ಐಹೊಳೆಯ ಗುಡಿಗಳಲ್ಲಿ ಆಗ ಜನ ಸಂಸಾರ ಮಾಡಿಕೊಂಡಿದ್ದರು: ಕಂಬಗಳ ನಡುವೆ ಒಲೆ, ಗೋಡೆಗೆ ಒರಗಿಸಿದ ನೇಗಿಲು, ಮೂಲೆಯಲ್ಲಿ ಕರು. ಪ್ರಾಚೀನತೆಯನ್ನು ಹುಡುಕಿ ಬಂದವರಿಗೆ ಇವರು ಅಡ್ಡಿಯಾಗಿ ಕಂಡರು. ಮುಂದೆ ಗುಡಿಗಳ ಸುತ್ತಲಿನ ಮನೆಗಳು ತೆರವಾದವು. ಆದರೂ ಒಂದು ಹೆಸರು ತಪ್ಪಿಸಿಕೊಂಡು ಉಳಿದಿದೆ. ಐಹೊಳೆಯ ಪ್ರಸಿದ್ಧ ಗುಡಿಯೊಂದನ್ನು ಇಂದಿಗೂ ಜಗತ್ತೆಲ್ಲ ಕರೆಯುವುದು ‘ಲಾಡಖಾನ್’ ಎಂದು. ಅದನ್ನು ಕಟ್ಟಿಸಿದ ಅರಸನ ಹೆಸರಲ್ಲ ಅದು, ಅದರೊಳಗೆ ಬಾಳಿದ ಒಬ್ಬ ಮುಸಲ್ಮಾನನ ಹೆಸರು! ಉಳಿದ ಮನೆಗಳನ್ನು ಬೇರೆಡೆಗೆ ಸಾಗಿಸುವ ಮಾತು ದಶಕಗಳಿಂದ ನಡೆದೇ ಇದೆ.

ಸ್ವಾತಂತ್ರ್ಯದ ನಂತರ ವಿದ್ಯಾಲಯಗಳಿಂದ ಬಂದವರು ಹಳ್ಳಿಯಲ್ಲಿಯೇ ಮನೆ ಮಾಡಿ ಕುಳಿತರು. ಅಮೆರಿಕದ ಮಾನವಶಾಸ್ತ್ರಜ್ಞ ಅಲನ್ ಬೀಲ್ಸ್ ಯಾದಗಿರಿ ಸೀಮೆಯ ಒಂದು ಹಳ್ಳಿಯಲ್ಲಿದ್ದು, ಅದಕ್ಕೆ ಗೋಪಾಲಪುರ ಎಂಬ ಹೆಸರಿಟ್ಟು, 1962ರಲ್ಲಿ ಪುಸ್ತಕ ಬರೆದ. ನಮ್ಮ ಹಳ್ಳಿಗಳು ಯಾರ ಹಂಗೂ ಇಲ್ಲದ ಪುಟ್ಟ ಗಣರಾಜ್ಯಗಳು ಎಂದು 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಬರೆದ ಮಾತನ್ನು ಎಲ್ಲರೂ ಗಿಳಿಪಾಠ ಮಾಡಿದ್ದರು. ಬೀಲ್ಸ್ ಕಂಡದ್ದು ಬೇರೆ: ಹೆಣ್ಣು ತರುವುದು ಒಂದು ಊರಿನಿಂದ, ಸಂತೆಗೆ ಹೋಗುವುದು ಇನ್ನೊಂದಕ್ಕೆ, ಜಾತ್ರೆಗೆ ಮತ್ತೊಂದಕ್ಕೆ; ಒಂದು ಹಳ್ಳಿ ಎಂದರೆ ಹತ್ತು ಹಳ್ಳಿಗಳ ಗಂಟು. ಇಳಕಲ್ಲಿನ ನೇಕಾರನಿಗೆ ಇದನ್ನು ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ. ಹತ್ತಿಯ ಒಡಲಿನ ಹಾಸಿಗೆ ರೇಷ್ಮೆಯ ಸೆರಗಿನ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುವವನು ಅವನು. ನೂಲು ಒಂದು ಕಡೆಯದು, ಬಣ್ಣ ಇನ್ನೊಂದು ಕಡೆಯದು, ಉಡುವವಳು ಮತ್ತೆಲ್ಲಿಯವಳೋ.

ಇಂದು ಬಾದಾಮಿಗೆ ಬರುವ ವಿದೇಶೀಯರಲ್ಲಿ ಬಂಡೆ ಏರುವವರೂ ಇದ್ದಾರೆ. ಗುಹೆಗಳ ಕಡೆ ತಿರುಗಿಯೂ ನೋಡದೆ ಕೆಂಪುಗಲ್ಲಿಗೆ ಹಗ್ಗ ಬಿಗಿದು ನೇತಾಡುವ ಅವರನ್ನು ಕುರಿ ಕಾಯುವ ಹುಡುಗರು ಕೆಳಗೆ ಕುಳಿತು ಗಂಟೆಗಟ್ಟಲೆ ನೋಡುತ್ತಾರೆ. ಯಾರು ಯಾರಿಗೆ ಪ್ರೇಕ್ಷಣೀಯರು ಎಂದು ಹೇಳುವುದು ಕಷ್ಟ.

ಕೆಲವು ವರ್ಷಗಳ ಹಿಂದೆ ಐಹೊಳೆಯಲ್ಲಿ ಒಂದು ಸಂಜೆ ನಾನು ಕಂಡದ್ದನ್ನು ಹೇಳುತ್ತೇನೆ. ಗುಡಿಯ ಬೇಲಿಗೆ ಅಂಟಿಕೊಂಡ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಜೋಳ ಹಸನು ಮಾಡುತ್ತಿದ್ದಳು. ವಿದೇಶದಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಮಾರ್ಗದರ್ಶಿಯ ಮೂಲಕ ಅವಳನ್ನು ಕೇಳಿಸಿದಳು: ‘ಇಷ್ಟು ಹಳೆಯ ಗುಡಿಯ ಪಕ್ಕದಲ್ಲಿ ಇರುವುದು ನಿಮಗೆ ಹೇಗೆ ಅನ್ನಿಸುತ್ತದೆ?’ ಮುದುಕಿ ಮೊರವನ್ನು ಕೆಳಗಿಟ್ಟು ಆ ಹೆಣ್ಣುಮಗಳ ಬಿಸಿಲಿಗೆ ಕೆಂಪಾದ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತಾನೇ ಕೇಳಿದಳು: ‘ಯವ್ವಾ, ನಿಮ್ಮ ಊರಾಗ ಈ ವರ್ಷ ಮಳಿ ಆಗೇತೇನು?’

ಮಾರ್ಗದರ್ಶಿ ನಗುತ್ತ ಅನುವಾದ ಮಾಡಿದ. ತಮ್ಮಲ್ಲಿ ವರ್ಷವಿಡೀ ಮಳೆಯೇ ಎಂದಳು ಆಕೆ. ಮುದುಕಿ ‘ಪುಣ್ಯವಂತರು’ ಎಂದು ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.